ಮುಂದೆ ಐದು, ಹಿಂದೆ ನಾಲ್ಕು: ಹಳೇ ಮಸ್ಟಾಂಗ್‌ನ ಚಕ್ರದ ಲೆಕ್ಕ

1965ರ ಫೋರ್ಡ್ ಮಸ್ಟಾಂಗ್ ಹೊರಗಿಂದ ನೋಡಿದರೆ ಒಂದೇ ಕಾರು. ಚಕ್ರ ಬಿಚ್ಚಿದರೆ ಎರಡು. ಆರು ಸಿಲಿಂಡರ್ ಎಂಜಿನ್ನಿನ ಕಾರಿಗೆ ಪ್ರತಿ ಚಕ್ರಕ್ಕೆ ನಾಲ್ಕು ಸ್ಟಡ್, ವಿ8ಗೆ ಐದು. ಅಮೆರಿಕದಲ್ಲಿ ಆರು ಸಿಲಿಂಡರಿನದನ್ನು ಕಡಿಮೆ ಬೆಲೆಗೆ ಕೊಂಡು ವಿ8 ಕೂರಿಸುವವರು ಇವತ್ತಿಗೂ ಇದ್ದಾರೆ. ಬ್ರೇಕ್ ಸಾಲಲ್ಲ ಅಂತ ಮುಂದಿನ ಡ್ರಮ್ ಕಿತ್ತು ಐದು ಸ್ಟಡ್ಡಿನ ಡಿಸ್ಕ್ ಕಿಟ್ ಹಾಕುತ್ತಾರೆ. ಹಿಂದಿನ ಆಕ್ಸಲ್ ಮಾತ್ರ ನಾಲ್ಕರದ್ದೇ ಉಳಿಯುತ್ತೆ. ಆಮೇಲೆ ಡಿಕ್ಕಿಯಲ್ಲಿ ಎರಡು ಸ್ಟೆಪ್ನಿ ಇಟ್ಟುಕೊಳ್ಳಬೇಕು, ಇಲ್ಲಾ ಯಾವ ಕಡೆ ಪಂಚರ್ ಆಗಬಾರದು ಅಂತ ದೇವರಿಗೆ ಮೊದಲೇ ಹೇಳಿಡಬೇಕು.

ಸ್ಟಡ್ಡುಗಳ ಮಧ್ಯಬಿಂದುಗಳ ಮೇಲೆ ಹಾದುಹೋಗುವ ವೃತ್ತದ ವ್ಯಾಸಕ್ಕೆ ಪಿಸಿಡಿ ಅಂತಾರೆ. ಈ ಎರಡೂ ಕಾರುಗಳ ಪಿಸಿಡಿ ಒಂದೇ: 114.3 ಮಿ.ಮೀ., ಅಂದರೆ ನಾಲ್ಕೂವರೆ ಇಂಚು. ನಾಲ್ಕು ಸ್ಟಡ್ ಇದ್ದರೆ ಎದುರುಬದುರಿನ ಎರಡರ ನಡುವೆ ನೇರವಾಗಿ ಅಳೆಯಬಹುದು. ಐದಿದ್ದರೆ ಎದುರಿಗೆ ಸ್ಟಡ್ ಇರಲ್ಲ. ಪಕ್ಕಪಕ್ಕದ ಎರಡರ ಮಧ್ಯದಿಂದ ಮಧ್ಯಕ್ಕೆ ಅಳೆದು 1.701ರಿಂದ ಗುಣಿಸಿ. 67.2 ಮಿ.ಮೀ. ಬಂದರೆ ಅದು 114.3. ಟೇಪ್ ಬೇಡ, ವರ್ನಿಯರ್ ಬೇಕು. ಬಿಎಂಡಬ್ಲ್ಯುವಿನ 120ಕ್ಕೂ ಹಳೇ ಕಮಾರೊದ 120.65ಕ್ಕೂ ಹೀಗೆ ಅಳೆದಾಗ ಕಾಣುವ ವ್ಯತ್ಯಾಸ 0.4 ಮಿ.ಮೀ. ಕೂಡ ಇಲ್ಲ. ಚಕ್ರ ಒತ್ತಿದರೆ ಕೂತುಬಿಡುತ್ತೆ, ಅದೇ ಅಪಾಯ.

ಯಾಕೆ ಅಪಾಯ? ನಟ್ ಬಿಗಿಸಿದಾಗ ಸ್ಟಡ್ ಸ್ಪ್ರಿಂಗಿನಂತೆ ಕೂದಲೆಳೆಯಷ್ಟು ಹಿಗ್ಗಿ, ಚಕ್ರವನ್ನು ಹಬ್ಬಿಗೆ ಅದುಮಿ ಹಿಡಿಯುತ್ತೆ. ಆ ಒತ್ತಡದಿಂದ ಹುಟ್ಟುವ ಘರ್ಷಣೆಯೇ ಬ್ರೇಕಿನ, ತಿರುವಿನ ಬಲವನ್ನೆಲ್ಲ ದಾಟಿಸುವುದು. ನಟ್ ಓರೆಯಾಗಿ ಕೂತರೆ ಟಾರ್ಕ್ ರೆಂಚ್ ಸರಿಯಾದ ಅಂಕಿ ತೋರಿಸಿದರೂ ಹಿಡಿತ ಕಮ್ಮಿ. ಆಗ ಸ್ಟಡ್ ಪ್ರತಿ ಸುತ್ತಿಗೂ ಒಂಚೂರು ಬಾಗಿ ನೆಟ್ಟಗಾಗುತ್ತೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುತ್ತೀವಲ್ಲ, ಹಾಗೆ ಒಂದು ದಿನ ತುಂಡಾಗುತ್ತೆ. ಚಕ್ರದ ತೂತಿಗೆ ಅರ ಹಾಕಿ ಅಗಲ ಮಾಡುವ ಐಡಿಯಾ ಅದಕ್ಕೇ ಬೇಡವೇ ಬೇಡ.

ಎಲ್ಲರಿಗೂ ಮೊದಲು ಹೊಳೆಯುವುದು ನಾಲ್ಕರ ಡ್ರಮ್, ಆಕ್ಸಲ್‌ಗೇ ಐದು ತೂತು ಕೊರೆಸೋದು. ವೃತ್ತ ಒಂದೇ ಅಲ್ವಾ? ಲೆಕ್ಕ ಹಾಕೋಣ. ನಾಲ್ಕರದು 90 ಡಿಗ್ರಿಗೊಂದು, ಐದರದು 72ಕ್ಕೊಂದು. ಒಂದು ತೂತನ್ನು ಎರಡಕ್ಕೂ ಹೊಂದಿಸಿಕೊಂಡರೂ ಅದರ ಎರಡೂ ಪಕ್ಕದಲ್ಲಿ ಹೊಸ ತೂತು ಹಳೆಯದರಿಂದ 18 ಡಿಗ್ರಿ ದೂರ, ಅಂದರೆ ಮಧ್ಯದಿಂದ ಮಧ್ಯಕ್ಕೆ 17.9 ಮಿ.ಮೀ. ಹಳೇ ಸ್ಟಡ್ 7/16 ಇಂಚು, ಹೊಸದು ಅರ್ಧ ಇಂಚು. ನಡುವೆ ಉಳಿಯುವ ಲೋಹ 6 ಮಿ.ಮೀ.ಗೂ ಕಮ್ಮಿ. ಸ್ಟಡ್ಡಿನ ಬುಡದ ಹಲ್ಲುಹಲ್ಲಾದ ಭಾಗ ಇನ್ನೂ ದಪ್ಪ, ಅದು ಇನ್ನಷ್ಟು ತಿನ್ನುತ್ತೆ. ಐವತ್ತು ವರ್ಷ ದಾಟಿದ ಆಕ್ಸಲ್ ಮೇಲೆ ಈ ಪ್ರಯೋಗಕ್ಕೆ ನನ್ನ ಓಟಿಲ್ಲ.

ಅಡಾಪ್ಟರ್ ಇದೆ: ಒಳಮುಖ ನಾಲ್ಕು ಸ್ಟಡ್ಡಿಗೆ ಕೂರುವ, ಹೊರಮುಖಕ್ಕೆ ಐದು ಸ್ಟಡ್ ಇರುವ ಲೋಹದ ಬಿಲ್ಲೆ. ಒಳಗಿನ ನಟ್ ಅದರಲ್ಲೇ ಮುಚ್ಚಿಹೋಗಬೇಕಾದ್ದರಿಂದ ಸುಮಾರು ಒಂದು ಇಂಚು ದಪ್ಪ. ಚಕ್ರ ಅಷ್ಟೇ ಹೊರಗೆ ಬರುತ್ತೆ. ಬೇರಿಂಗಿಗೆ ಹೊರೆ, ಗುಂಡಿಗೆ ಇಳಿದಾಗ ಟೈರ್ ಫೆಂಡರಿಗೆ ಉಜ್ಜುವ ಸಾಧ್ಯತೆ, ಮೇಲೆ ಕಣ್ಣಿಗೆ ಕಾಣದ ನಾಲ್ಕು ನಟ್. ಕಾರು ಪ್ರದರ್ಶನಕ್ಕೆ ನಿಲ್ಲುವುದಾದರೆ ಸರಿ. ದಿನಾ ಓಡಿಸುವ, ಅದರಲ್ಲೂ ವಿ8 ತುಂಬಿದ ಕಾರಿಗೆ ನಾನು ಹೇಳಲ್ಲ.

ನೇರ ದಾರಿ ದುಬಾರಿಯದು: ಹಿಂದಿನ ಆಕ್ಸಲನ್ನೇ ಬದಲಿಸುವುದು. ಆರು ಸಿಲಿಂಡರಿನ ಕಾರಿಗೆ ಬಂದದ್ದು 7.25 ಇಂಚಿನ ಡಿಫರೆನ್ಷಿಯಲ್. ವಿ8ನ ಟಾರ್ಕಿಗೆ ಅದು ಹೇಗೂ ಸಾಲದು. 1965-66ರ ವಿ8 ಕಾರಿನ 8 ಇಂಚಿನ ಆಕ್ಸಲ್ ಸಿಕ್ಕರೆ ಸ್ಟಡ್ಡಿನ ತಾಪತ್ರಯ, ಗೇರಿನ ತಾಪತ್ರಯ ಎರಡೂ ಒಟ್ಟಿಗೆ ತೀರುತ್ತೆ. 1967ರ ನಂತರದ್ದು ಸುಮಾರು ಎರಡು ಇಂಚು ಅಗಲ, ಅಳೆದು ಕೊಳ್ಳಿ. 1995ರಿಂದ 2001ರ ಫೋರ್ಡ್ ಎಕ್ಸ್‌ಪ್ಲೋರರ್‌ನ 8.8 ಇಂಚಿನದೂ ಇದೇ ಪಿಸಿಡಿ, ಡಿಸ್ಕ್ ಬ್ರೇಕ್ ಜೊತೆಗೇ ಬರುತ್ತೆ. ಆದರೆ ಪಟ್ಟಾ ಕೂರುವ ಜಾಗ ಹೊಸದಾಗಿ ವೆಲ್ಡ್ ಮಾಡಿಸಬೇಕು.

ಏನೇ ಮಾಡಿದರೂ ಕೊನೆಗೆ ನಟ್ ಕೈಯಲ್ಲೇ ತಿರುಗಿಸಿ ಸುತ್ತು ಎಣಿಸಿ. ಇಂಚಿಗೆ 20 ಎಳೆ ಇರುವ ಅರ್ಧ ಇಂಚಿನ ಸ್ಟಡ್ಡಿಗೆ ಕನಿಷ್ಠ 10 ಸುತ್ತು ಹಿಡಿಯಬೇಕು. ಕಮ್ಮಿ ಬಂದರೆ ಉದ್ದದ ಸ್ಟಡ್ ಹಾಕಿಸಿ. ನೂರು ಕಿಲೋಮೀಟರ್ ಓಡಿಸಿದ ಮೇಲೆ ಟಾರ್ಕ್ ರೆಂಚಿನಿಂದ ಇನ್ನೊಮ್ಮೆ ಬಿಗಿ ನೋಡಿ.