ಕಿರೀಟ ಬಿದ್ದಾಗ

ಗಾಂಧಿ ಬಜಾರಿನ ಹೂವಿನ ಅಂಗಡಿಗಳ ಬಳಿ ಸಂಜೆಯ ಹೊತ್ತು ನಾಲ್ಕು ಮಂದಿ ಹಿರಿಯರು ನಿಂತು ಗಟ್ಟಿಯಾಗಿ ನಗುತ್ತಿದ್ದರೆ, ಅವರ ಮಾತು ಹಳೆಯ ನಾಟಕಗಳ ಕಡೆಗೆ ತಿರುಗಿದೆಯೆಂದು ಧಾರಾಳವಾಗಿ ಊಹಿಸಬಹುದು. ಅವರಿಗೆ ನೆನಪಿರುವುದು ನಾಯಕನ ಹಾಡಲ್ಲ, ನಾಯಕಿಯ ಕಣ್ಣೀರಲ್ಲ. ಏನೋ ಒಂದು ಎಡವಟ್ಟು.

ಹಿರಣ್ಯಕಶಿಪು ಕಂಬವನ್ನು ಮೂರು ಸಲ ಒದ್ದರೂ ಅದು ಬಿರಿಯಲಿಲ್ಲವಂತೆ. ಒಳಗಿನಿಂದ ನರಸಿಂಹಸ್ವಾಮಿ, "ಅಗುಳಿ ಸಿಕ್ಕಿಕೊಂಡಿದೆ, ಆ ಕಡೆಯಿಂದ ಎಳೆಯಿರಿ" ಎಂದನಂತೆ. ರಾಮನ ಬಿಲ್ಲಿನ ಹೆದೆ ಹರಿದು ಬಾಣ ಕಾಲಬಳಿಯೇ ಬಿದ್ದರೂ ವಾಲಿ ದಾಕ್ಷಿಣ್ಯಕ್ಕಾಗಿ ಸತ್ತನಂತೆ. ಪರದೆಯ ಮರೆಯಿಂದ ಮಾತು ಹೇಳಿಕೊಡುತ್ತಿದ್ದವನು "ಕತ್ತಿಯನ್ನು ಹಿರಿದು ಮುಂದೆ ಬರುವನು" ಎಂಬ ರಂಗಸೂಚನೆಯನ್ನು ಓದಿದರೆ, ಸೇನಾಪತಿ ಅದನ್ನೇ ವೀರಾವೇಶದಿಂದ ಸಭೆಗೆ ಒಪ್ಪಿಸಿದನಂತೆ. ಇವು ನಡೆದದ್ದು ಎಲ್ಲಿ ಎಂದು ಕೇಳಿದರೆ ತುಮಕೂರಿನವರು ತುಮಕೂರು ಎನ್ನುತ್ತಾರೆ, ದಾವಣಗೆರೆಯವರು ದಾವಣಗೆರೆ ಎನ್ನುತ್ತಾರೆ. ಎಲ್ಲ ಊರಿನವರೂ ತಮ್ಮದೆನ್ನುವ ಕಥೆ ಒಂದು ರಾತ್ರಿಯ ಚರಿತ್ರೆಯಾಗಲಾರದು, ನಿಜ. ಆದರೆ ರಂಗಭೂಮಿ ಯಾವುದಕ್ಕೆ ಹೆದರುತ್ತಿತ್ತು, ಆ ಹೆದರಿಕೆಯನ್ನು ಹೇಗೆ ಗೆದ್ದಿತು ಎಂಬುದಕ್ಕೆ ಇವಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಈ ಹೆದರಿಕೆ ಇಂದಿನದಲ್ಲ. ಭರತಮುನಿಯ ನಾಟ್ಯಶಾಸ್ತ್ರವನ್ನು ನಂಬುವುದಾದರೆ, ಲೋಕದ ಮೊಟ್ಟಮೊದಲ ನಾಟಕವೇ ನಡುವೆ ನಿಂತುಹೋಯಿತು. ದೇವತೆಗಳ ಗೆಲುವನ್ನೂ ದಾನವರ ಸೋಲನ್ನೂ ತೋರಿಸಿದ ಆ ಪ್ರಯೋಗ ದಾನವರಿಗೆ ಹಿಡಿಸಲಿಲ್ಲ. ಅವರ ಕಡೆಯ ವಿಘ್ನಗಳು ನಟರ ಮಾತು, ಚಲನೆ, ನೆನಪು ಮೂರನ್ನೂ ಕಟ್ಟಿಹಾಕಿದುವು. ಇಂದ್ರನು ತನ್ನ ಧ್ವಜದ ಕೋಲನ್ನೆತ್ತಿ ಅವುಗಳನ್ನು ಬಡಿದಟ್ಟಬೇಕಾಯಿತು. ನಾಟಕಶಾಲೆಯೊಂದನ್ನು ಕಟ್ಟುವಂತೆ ಬ್ರಹ್ಮನು ವಿಶ್ವಕರ್ಮನಿಗೆ ಅಪ್ಪಣೆ ಮಾಡಿದ್ದು ಆಮೇಲೆ. ನಾಯಕನನ್ನು ಕಾಯಲು ಇಂದ್ರ, ನಾಯಿಕೆಯನ್ನು ಕಾಯಲು ಸರಸ್ವತಿ, ವಿದೂಷಕನನ್ನು ಕಾಯಲು ಸಾಕ್ಷಾತ್ ಓಂಕಾರ. ನಗಿಸುವವನಿಗೆ ಇಂಥ ದೊಡ್ಡ ಕಾವಲು ಏಕೆ ಬೇಕಾಯಿತೆಂಬುದು ಮುಂದೆ ತಿಳಿಯುತ್ತದೆ.

ಅದೇ ಗ್ರಂಥದ ಇಪ್ಪತ್ತೇಳನೆಯ ಅಧ್ಯಾಯದಲ್ಲಿ ಪ್ರಯೋಗಕ್ಕೆ ಒದಗುವ 'ಘಾತ'ಗಳ ಪಟ್ಟಿಯಿದೆ. ಗಾಳಿ, ಬೆಂಕಿ, ಮಳೆ, ಆನೆ, ಹಾವು ಇವು ದೈವದಿಂದ ಬರುವಂಥವು. ಮಾತು ಮರೆಯುವುದು, ಇನ್ನೊಬ್ಬನ ಮಾತನ್ನು ಆಡಿಬಿಡುವುದು, ಕಿರೀಟ ಆಭರಣಗಳು ಕಳಚಿ ಬೀಳುವುದು ಇವು ನಟನವೇ. ಇನ್ನು ವೈರಿಗಳು ಮಾಡುವಂಥವು: ಅತಿಯಾಗಿ ನಗುವುದು, ಕೂಗುವುದು, ಸಗಣಿ, ಹೆಂಟೆ, ಇರುವೆಗಳನ್ನು ರಂಗದ ಮೇಲೆ ಎರಚುವುದು! ಇರುವೆಯನ್ನು ಕಟ್ಟಿಕೊಂಡು ನಾಟಕಕ್ಕೆ ಹೋಗುತ್ತಿದ್ದ ಆ ಮಹಾನುಭಾವರ ತಾಳ್ಮೆಗೆ ಕೈಮುಗಿಯಬೇಕು. ಆದರೆ ನಾನು ಮುಖ್ಯವಾಗಿ ಹೇಳಬೇಕಾದ ಸಂಗತಿ ಬೇರೆ. ಪ್ರೇಕ್ಷಕನ ನಗುವನ್ನು ಭರತನು ನಾಟಕದ 'ಸಿದ್ಧಿ'ಯ ಲಕ್ಷಣಗಳಲ್ಲಿಯೂ ಎಣಿಸಿದ್ದಾನೆ. ಒಂದೇ ನಗು, ವೈರಿಯದಾದರೆ ಘಾತ, ಸಹೃದಯನದಾದರೆ ಸಿದ್ಧಿ. ರಂಗದ ಮೇಲಿನ ಎಡವಟ್ಟಿನ ಚರಿತ್ರೆಯೆಲ್ಲ ಈ ಎರಡು ನಗೆಗಳ ನಡುವೆ ನಡೆದದ್ದೆನ್ನಬಹುದು.

ಪಶ್ಚಿಮದಲ್ಲಿಯೂ ಹೀಗೆಯೇ. 1613ರಲ್ಲಿ ಲಂಡನ್ನಿನ ಗ್ಲೋಬ್ ನಾಟಕಶಾಲೆಯಲ್ಲಿ ಎಂಟನೆಯ ಹೆನ್ರಿಯ ನಾಟಕ ನಡೆಯುತ್ತಿದ್ದಾಗ ಅರಸನ ಆಗಮನಕ್ಕೆಂದು ಹಾರಿಸಿದ ತೋಪಿನ ಕಿಡಿ ಹುಲ್ಲಿನ ಮಾಡಿಗೆ ತಗುಲಿ ಇಡೀ ಕಟ್ಟಡ ಸುಟ್ಟುಹೋಯಿತು. ಒಬ್ಬನ ಚಲ್ಲಣಕ್ಕೆ ಬೆಂಕಿ ಹತ್ತಿಕೊಂಡದ್ದನ್ನು ಒಂದು ಸೀಸೆ ಬಿಯರ್ ಸುರಿದು ಆರಿಸಿದರೆಂದು ಅಂದಿನ ಪತ್ರವೊಂದು ಹೇಳುತ್ತದೆ. ಅದು ನಗುವ ಮಾತು. 1673ರಲ್ಲಿ ಪ್ಯಾರಿಸ್ಸಿನಲ್ಲಿ ಮೋಲಿಯೇರನು ಇಲ್ಲದ ಕಾಯಿಲೆಯನ್ನು ಹಚ್ಚಿಕೊಂಡ ರೋಗಿಯ ಪಾತ್ರದಲ್ಲಿದ್ದಾಗ ನಿಜವಾದ ಕಾಯಿಲೆ ಉಲ್ಬಣಿಸಿತು. ನಾಟಕವನ್ನು ಹೇಗೋ ಮುಗಿಸಿ, ಅದೇ ರಾತ್ರಿ ತೀರಿಕೊಂಡ. ಅದು ನಗುವ ಮಾತಲ್ಲ. ರಂಗದ ಮೇಲಿರುವವನಿಗೆ ಎರಡರ ನಡುವಣ ಅಂತರ ಬಹಳ ಕಿರಿದು.

ನಮ್ಮ ವೃತ್ತಿ ನಾಟಕ ಕಂಪನಿಗಳಿಗೂ ಹಾಗೆಯೇ. 1884ರಲ್ಲಿ ಹುಟ್ಟಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯೇ ಮೊದಲಾದವು ಊರೂರಿಗೆ ಪರದೆ, ಪೆಟ್ಟಿಗೆ, ಸಂಸಾರಗಳನ್ನು ಸಾಗಿಸಿಕೊಂಡು ಹೋಗುತ್ತಿದ್ದುವು. ಬೆಂಗಳೂರಿನ ಬೀದಿಗಳಿಗೆ 1905ರಲ್ಲಿ ವಿದ್ಯುದ್ದೀಪ ಬಂದರೂ ಹಳ್ಳಿ ಪಟ್ಟಣಗಳಲ್ಲಿ ಗ್ಯಾಸ್ ಲೈಟೇ ಗತಿ; ಅದರ ಗಾಳಿ ಇಳಿದರೆ ಇಂದ್ರನ ಸಭೆಗೂ ಅಮಾವಾಸ್ಯೆ. ಹಗ್ಗದಿಂದ ಸುತ್ತುವ ಪರದೆ, ಬಿದಿರು ಕಾಗದಗಳ ಕಂಬ, ತಂತಿಯ ಮೇಲೆ ಇಳಿಯುವ ದೇವರು, ಇವೆಲ್ಲ ಪ್ರತಿರಾತ್ರಿಯೂ ಸರಿಯಾಗಿ ನಡೆಯಬೇಕು. ಭರತನು ಘಾತವೆಂದು ಎಚ್ಚರಿಸಿದ ಆನೆಯನ್ನು ಗುಬ್ಬಿ ವೀರಣ್ಣನವರು 'ಕುರುಕ್ಷೇತ್ರ' ನಾಟಕಕ್ಕೆ ತಾವಾಗಿಯೇ ತಂದರು, ಜೊತೆಗೆ ಕುದುರೆಗಳನ್ನೂ. ಎಂಥ ಎದೆಗಾರಿಕೆ! ಆಟ ಕೆಟ್ಟರೆ ಮರುದಿನ ಟಿಕೆಟ್ಟು ಹೋಗುವುದಿಲ್ಲ. ಟಿಕೆಟ್ಟು ಹೋಗದಿದ್ದರೆ ಕಂಪನಿಯ ಅಡಿಗೆಮನೆಯಲ್ಲಿ ಒಲೆ ಉರಿಯುವುದಿಲ್ಲ. ನಮಗೆ ನಗೆಯಾದದ್ದು ಅವರಿಗೆ ಅನ್ನದ ಪ್ರಶ್ನೆ.

ಇದಕ್ಕೆ ಕಂಪನಿಗಳು ಕಂಡುಕೊಂಡ ಉಪಾಯವೇ ಹಾಸ್ಯಗಾರ. ಪಾರ್ಸಿ ನಾಟಕಗಳಿಂದ ಕಲಿತ ಪದ್ಧತಿಯೊಂದಿತ್ತು: ರಂಗದ ಆಳವನ್ನೆಲ್ಲ ತುಂಬುವ ಅರಮನೆಯ ದೃಶ್ಯವಾದ ಮೇಲೆ ಮುಂದುಗಡೆ ಬೀದಿಯ ಪರದೆ ಇಳಿಯುತ್ತದೆ, ಅದರ ಮುಂದೆ ಹಾಸ್ಯಗಾರ ಬರುತ್ತಾನೆ, ಹಿಂದೆ ಕೆಲಸಗಾರರು ಉದ್ಯಾನವನ್ನೋ ಸ್ಮಶಾನವನ್ನೋ ಜೋಡಿಸುತ್ತಾರೆ. ಹಾಸ್ಯಗಾರನ ಮಾತು ಎಷ್ಟು ಹೊತ್ತು ನಡೆಯಬೇಕೆಂಬುದನ್ನು ಕವಿ ನಿಶ್ಚಯಿಸುವಂತಿಲ್ಲ, ಹಿಂದಿನ ಮೊಳೆ ಸುತ್ತಿಗೆಗಳು ನಿಶ್ಚಯಿಸುತ್ತವೆ. ಹಗ್ಗ ಸಿಕ್ಕಿಕೊಂಡರೆ ಇನ್ನೂ ಐದು ನಿಮಿಷ; ರಾಜನಿಗೆ ವಾಂತಿಯಾದರೆ ಇನ್ನೂ ಹತ್ತು. ಎದುರಿಗೆ ಕುಳಿತ ಜನರನ್ನೂ ಊರಿನ ಸುದ್ದಿಯನ್ನೂ ಹಿಡಿದು ಅವನು ಮಾತು ಬೆಳೆಸಲೇಬೇಕು. ನಮ್ಮ ರಂಗಭೂಮಿಯ ಆಶುಹಾಸ್ಯಕ್ಕೆ ಇಲ್ಲಿ ಒಳ್ಳೆಯ ಗರಡಿ ಸಿಕ್ಕಿತು. ಬಾಲನಟನಾಗಿ ಸೇರಿ ಮುಂದೆ ಕಂಪನಿಯ ಒಡೆಯರಾದ ವೀರಣ್ಣನವರು ಸ್ವತಃ ಹಾಸ್ಯನಟರು, 'ಸದಾರಮೆ'ಯ ಕಳ್ಳನ ಪಾತ್ರದಿಂದ ಮನೆಮಾತಾದವರು. ಇದನ್ನು ಬರಿಯ ಆಕಸ್ಮಿಕವೆಂದು ನಾನು ತಿಳಿಯಲಾರೆ. ಹಡಗಿನ ತೂತುಗಳನ್ನು ಬಲ್ಲವನೇ ಹಡಗನ್ನು ನಡೆಸಿದ.

ಬೆಂಗಳೂರಿನ ವಿಲಾಸಿಗಳು ದಾರಿಯನ್ನು ಬದಲಿಸಿದರು. ಅಮೆಚೂರ್ ಡ್ರಮಾಟಿಕ್ ಅಸೋಸಿಯೇಷನ್ 1909ರಲ್ಲಿ ಹುಟ್ಟಿತು. 1918ರ 'ಟೊಳ್ಳುಗಟ್ಟಿ'ಯಿಂದ ಕೈಲಾಸಂ ನಾಟಕವನ್ನು ಅರಮನೆಯಿಂದ ಮನೆಯ ಪಡಸಾಲೆಗೆ ತಂದರು. ಪಡಸಾಲೆಯಲ್ಲಿ ಬಿರಿಯಬೇಕಾದ ಕಂಬವಿಲ್ಲ, ಇಳಿಯಬೇಕಾದ ದೇವರಿಲ್ಲ. ಅಪಾಯ ಹಗ್ಗದಿಂದ ನಾಲಗೆಗೆ ದಾಟಿತು. ಇಂಗ್ಲಿಷು ಕನ್ನಡ ಹೆಣೆದ ಆ ಓಟದ ಸಂಭಾಷಣೆಯಲ್ಲಿ ಒಂದು ಪದ ಜಾರಿದರೆ ಮುಂದಿನ ನಾಲ್ಕು ನಗೆಗಳು ಜಾರಿದಂತೆಯೇ. ಮುಂದೆ ಮಾಸ್ಟರ್ ಹಿರಣ್ಣಯ್ಯನವರು 'ಲಂಚಾವತಾರ'ದಲ್ಲಿ ಹಾಸ್ಯಗಾರನ ಆಶುಮಾತನ್ನೇ ನಾಟಕದ ಜೀವವನ್ನಾಗಿ ಮಾಡಿ ಅಂದಂದಿನ ಸುದ್ದಿಯನ್ನು ಅಂದಂದೇ ರಂಗಕ್ಕೆ ತಂದರು. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಓದಿದ ಸಿ.ಆರ್. ಸಿಂಹ ಅವರು 'ಟಿಪಿಕಲ್ ಟಿ.ಪಿ. ಕೈಲಾಸಂ' ಎಂಬ ಏಕವ್ಯಕ್ತಿ ನಾಟಕದಲ್ಲಿ ಒಬ್ಬರೇ ನಿಂತರು. ಅಲ್ಲಿ ಮಾತು ಮರೆತರೆ ಎತ್ತಿಕೊಡಲು ಎದುರುಪಾತ್ರವೂ ಇಲ್ಲ. ಇರುವವರು ಪ್ರೇಕ್ಷಕರು ಮಾತ್ರ.

ಆ ಪ್ರೇಕ್ಷಕರ ವಿಷಯವಾಗಿಯೇ ಈಗ ನನಗೆ ಚಿಂತೆ. ಕೆಲವು ವರ್ಷಗಳ ಹಿಂದೆ ನಾನು ನೋಡಿದ ವಿದ್ಯಾರ್ಥಿಗಳ ನಾಟಕವೊಂದರಲ್ಲಿ, ಜೂಜಿನ ಸಭೆಯ ನಡುವೆ ಧರ್ಮರಾಯನ ಸೊಂಟದಲ್ಲಿ ಮೊಬೈಲು ಕೂಗಿತು. ಸಭೆ ಸ್ತಬ್ಧ. ಶಕುನಿಯ ವೇಷದ ಹುಡುಗ ದಾಳವನ್ನು ಕೆಳಗಿಟ್ಟು, "ಅದನ್ನೂ ಪಣಕ್ಕಿಡು, ಧರ್ಮರಾಯ" ಎಂದ. ಧರ್ಮರಾಯ ಇಟ್ಟ, ಸೋತ, ನಾಟಕ ಮುಂದುವರಿಯಿತು. ಅಂದಿನ ಚಪ್ಪಾಳೆಯನ್ನು ಭರತನು ಕೇಳಿದ್ದರೆ ಸಿದ್ಧಿಯ ಲೆಕ್ಕಕ್ಕೇ ಬರೆದುಕೊಳ್ಳುತ್ತಿದ್ದ. ಆದರೆ ಮರುದಿನ ಊರೆಲ್ಲ ಸುತ್ತಿದ ತುಣುಕು ಚಿತ್ರದಲ್ಲಿ ಧರ್ಮರಾಯನ ಮೊಬೈಲು ಕೂಗುವುದಷ್ಟೇ ಇತ್ತು. ಶಕುನಿಯ ಮಾತಿಗೆ ಮುಂಚೆಯೇ ಯಾರೋ ಕತ್ತರಿಸಿದ್ದರು. ಆ ಹುಡುಗ ಆಮೇಲೆ ವೇಷ ಹಾಕಲಿಲ್ಲ.

ಕಂಪನಿಯ ಕಾಲದ ಡೇರೆಯಲ್ಲಿ ನಕ್ಕವನು ಕಂಬ ಕೊನೆಗೆ ಬಿರಿಯುವವರೆಗೂ ಕುಳಿತಿರುತ್ತಿದ್ದ. ನರಸಿಂಹ ಹೊರಬಂದಾಗ ಅದೇ ಮನುಷ್ಯ ಕೈಮುಗಿಯುತ್ತಿದ್ದ. ಕಿರೀಟ ಬಿದ್ದದ್ದಕ್ಕೆ ನಗುವುದು ತಪ್ಪಲ್ಲ, ಅದನ್ನು ಎತ್ತಿ ಮತ್ತೆ ಇಟ್ಟುಕೊಳ್ಳುವವರೆಗೂ ಕಾಯಬೇಕು, ಅಷ್ಟೆ.