ಬೂದು ತಿಮಿಂಗಿಲದ ಹೆರಿಗೆಮನೆ ಎಲ್ಲಿದೆ? ಮರಿಗಳ ಸಂಖ್ಯೆ ಕುಸಿದಿರುವುದೇಕೆ?

ದೆಹಲಿಯ ಓಲ್ಡ್ ರಾಜಿಂದರ್ ನಗರದಲ್ಲಿ ಯುಪಿಎಸ್‌ಸಿಗೆ ಓದುತ್ತಿರುವ ಕನ್ನಡದ ಅಭ್ಯರ್ಥಿಗಳು ನೆನಪಿಡಬೇಕಾದ ಪ್ರಾಣಿ ವಲಸೆಗಳಲ್ಲಿ ಬೂದು ತಿಮಿಂಗಿಲದ್ದೂ ಒಂದು. ಬೇಸಿಗೆಯಲ್ಲಿ ಅಲಾಸ್ಕಾ ಬಳಿಯ ಬೇರಿಂಗ್, ಚುಕ್ಚಿ ಸಮುದ್ರಗಳಲ್ಲಿ ಹೊಟ್ಟೆ ತುಂಬಿಸಿಕೊಳ್ಳುವ ಇವು ಚಳಿಗಾಲದಲ್ಲಿ ಮೆಕ್ಸಿಕೊದ ಬಾಹಾ ಕ್ಯಾಲಿಫೋರ್ನಿಯಾ ತೀರಕ್ಕೆ ಬರುತ್ತವೆ. ಹೋಗಿಬರುವ ದಾರಿ ಸುಮಾರು 16,000 ಕಿ.ಮೀ.

ಅಲ್ಲಿನ ಓಹೊ ದೆ ಲಿಯೆಬ್ರೆ, ಸ್ಯಾನ್ ಇಗ್ನಾಸಿಯೊ ಲಗೂನ್‌ಗಳು ಹಾಗೂ ಮ್ಯಾಗ್ಡಲೇನಾ ಕೊಲ್ಲಿಯೇ ಹೆರಿಗೆಮನೆ. ಲಗೂನ್ ಎಂದರೆ ಕಡಲಿಗೆ ಕಿರಿದಾಗಿ ತೆರೆದುಕೊಂಡ ಉಪ್ಪುನೀರಿನ ಸರೋವರ. ಅಲೆ ಕಡಿಮೆ, ಆಳ ಕಡಿಮೆ, ಮರಿಗಳನ್ನು ಬೇಟೆಯಾಡುವ ಓರ್ಕಾಗಳ ಕಾಟವೂ ಕಡಿಮೆ. ತಾಯಿ ಸುಮಾರು 13 ತಿಂಗಳು ಹೊತ್ತ ಮರಿ ಹೆಚ್ಚಾಗಿ ಜನವರಿ, ಫೆಬ್ರುವರಿಯಲ್ಲಿ ಹುಟ್ಟುತ್ತದೆ. ಆಗಲೇ ಅದರ ಉದ್ದ ಸುಮಾರು 4.5 ಮೀಟರ್! ಇಲ್ಲಿರುವಷ್ಟು ದಿನ ತಾಯಿಗೆ ಬಹುತೇಕ ಉಪವಾಸ. ಉತ್ತರದಲ್ಲಿ ಕೂಡಿಟ್ಟ ಕೊಬ್ಬೇ ಹಾಲಾಗಬೇಕು.

(ನಮ್ಮ ಅರಬ್ಬಿ ಸಮುದ್ರದ ಹಂಪ್‌ಬ್ಯಾಕ್ ತಿಮಿಂಗಿಲಗಳ ಕಥೆಯೇ ಬೇರೆ. ಅವು ಧ್ರುವದ ಕಡೆ ಹೋಗುವುದೇ ಇಲ್ಲ. ಆಹಾರ, ಹೆರಿಗೆ ಎರಡೂ ಇದೇ ಕಡಲಲ್ಲಿ.)

1857ರ ವೇಳೆಗೆ ಬೇಟೆಗಾರರು ಓಹೊ ದೆ ಲಿಯೆಬ್ರೆಗೂ ನುಗ್ಗಿದ್ದರು. ಈಗ ಅಲ್ಲಿ ಬೇಟೆಯಿಲ್ಲ. 1993ರಿಂದ ಎರಡೂ ಲಗೂನ್‌ಗಳು ಯುನೆಸ್ಕೊ ವಿಶ್ವ ಪರಂಪರೆಯ ತಾಣ. ಆದರೂ 2016ರಲ್ಲಿ ಸುಮಾರು 27,000 ಇದ್ದ ತಿಮಿಂಗಿಲಗಳು 2025ರಲ್ಲಿ ಸುಮಾರು 13,000ಕ್ಕೆ ಇಳಿದಿವೆ. ಆರ್ಕ್ಟಿಕ್‌ನಲ್ಲಿ ಮಂಜುಗಡ್ಡೆ ಕರಗಿ ಆಹಾರ ಏರುಪೇರಾಗಿರುವುದೇ ಇದಕ್ಕೆ ಮುಖ್ಯ ಕಾರಣ ಎನ್ನುತ್ತಾರೆ ವಿಜ್ಞಾನಿಗಳು. ಬಡಕಲಾದ ತಾಯಿ ಮರಿ ಹಾಕುವುದೇ ಕಷ್ಟ. 2025ರಲ್ಲಿ ಕ್ಯಾಲಿಫೋರ್ನಿಯಾ ತೀರದ ಮೂಲಕ ಉತ್ತರಕ್ಕೆ ಮರಳಿದ ಮರಿಗಳು ಅಂದಾಜು 85 ಮಾತ್ರ.