ಗವೀಪುರದ ಸೂರ್ಯಪಾನ ಚಂದ್ರಪಾನಗಳು

ಬೆಂಗಳೂರಿನ ಗವೀಪುರದಲ್ಲಿ ಗಂಗಾಧರೇಶ್ವರನ ಗುಹಾಲಯದ ಅಂಗಳವನ್ನು ಹೊಕ್ಕವರ ಕಣ್ಣಿಗೆ ಮೊದಲು ಬೀಳತಕ್ಕವು ನಾಲ್ಕು ಶಿಲಾಸ್ತಂಭಗಳು. ಒಂದು ತ್ರಿಶೂಲವನ್ನೂ ಇನ್ನೊಂದು ಡಮರುವನ್ನೂ ಹೊತ್ತಿವೆ. ಉಳಿದೆರಡರ ಮೇಲೆ ಆಳೆತ್ತರಕ್ಕೂ ಮೀರಿ ನಿಂತಿರುವ ದುಂಡು ಬಿಲ್ಲೆಗಳು. ಇವಕ್ಕೆ ಸೂರ್ಯಪಾನ, ಚಂದ್ರಪಾನ ಎಂದು ಹೆಸರು. ಹೊಯ್ಸಳರ ಕುಸುರಿಗೆ ಮಾರುಹೋದವರಿಗೆ ಇವು ಬರಿಯ ಬಂಡೆಗಳೆನಿಸಬಹುದು. ನಮಗಾದರೋ ಆ ನಿರಾಡಂಬರತೆಯೇ ಇವುಗಳ ಗಾಂಭೀರ್ಯವೆಂದು ತೋರುತ್ತದೆ.

ಜನರ ಲಕ್ಷ್ಯವೆಲ್ಲ ಒಳಗಿನ ಲಿಂಗದ ಮೇಲೆ. ಮಕರಸಂಕ್ರಾಂತಿಯ ಇಳಿಹೊತ್ತಿನಲ್ಲಿ ಬಿಸಿಲು ನಂದಿಯ ಕೊಂಬುಗಳ ನಡುವೆ ಹಾದು ಅದನ್ನು ಮುಟ್ಟುತ್ತದೆ. 16ನೆಯ ಶತಮಾನದಲ್ಲಿ ಕೆಂಪೇಗೌಡನು ಇದನ್ನೇ ಉದ್ದೇಶಿಸಿ ಗುಡಿಯನ್ನು ಕಟ್ಟಿಸಿದನೆಂದು ಹೇಳುವ ವಾಡಿಕೆಯುಂಟು. ಈ ಮಾತನ್ನು ಕೊಂಚ ಪರೀಕ್ಷಿಸಬೇಕಾಗಿದೆ.

ನಮ್ಮ ಸಂಕ್ರಾಂತಿಯು ನಕ್ಷತ್ರಗಳನ್ನು ಅನುಸರಿಸತಕ್ಕದ್ದು. ಬಿಸಿಲಿನ ಓರೆಯು ಅಯನವನ್ನು ಅನುಸರಿಸತಕ್ಕದ್ದು. ಇವೆರಡೂ ಸುಮಾರು 71 ವರ್ಷಗಳಿಗೆ ಒಂದು ದಿನದಂತೆ ಅಗಲುತ್ತ ಬಂದಿವೆ. ಕೆಂಪೇಗೌಡನ ಕಾಲದ ಸಂಕ್ರಾಂತಿಯು, ಸೂರ್ಯನು ದಕ್ಷಿಣದ ತುತ್ತತುದಿಯಿಂದ ಹಿಂತಿರುಗುವ ದಿನಕ್ಕೆ ಇಂದಿಗಿಂತ ಸುಮಾರು ಆರು ದಿನ ಸಮೀಪವಾಗಿತ್ತು. ಇಂದಿನ ಬೆಳಕಿನ ದಾರಿ ಅಂದಿನ ಸಂಕ್ರಾಂತಿಗೆ ಹೊಂದುವುದಿಲ್ಲ. ಬೆಂಗಳೂರಿನ ನೆಹರು ತಾರಾಲಯದ ಬಿ. ಎಸ್. ಶೈಲಜಾ ಅವರೂ ಸಂಗಡಿಗರೂ 2008ರಲ್ಲಿ ಪ್ರಕಟಿಸಿದ ಅಧ್ಯಯನವು ಎರಡು ಸಂಗತಿಗಳನ್ನು ತಿಳಿಸುತ್ತದೆ. ಬಿಸಿಲು ಜನವರಿ 13ರಿಂದ 16ರವರೆಗೆ ಬರುವಂತೆಯೇ ನವೆಂಬರ್ 26ರಿಂದ ಡಿಸೆಂಬರ್ 2ರವರೆಗೂ ಬರುತ್ತದೆ. ಮತ್ತು ಡೇನಿಯಲ್ ಬಂಧುಗಳು 1792ರಲ್ಲಿ ಬರೆದ ಚಿತ್ರಗಳೊಡನೆ ಹೋಲಿಸಿದರೆ, ಗುಡಿಗೆ ಆಮೇಲೆ ಹೊಸ ಕಟ್ಟಡ ಸೇರಿರುವುದು ಸ್ಪಷ್ಟವಾಗುತ್ತದೆ. ಕಲ್ಲುಗಳು ಹಳೆಯವು, ಸಂಕ್ರಾಂತಿಯ ಪ್ರಸಿದ್ಧಿ ಈಚಿನದು ಎಂದು ಊಹಿಸಲು ಇಷ್ಟು ಸಾಕು. ಭಕ್ತಿಗೆ ಇದರಿಂದ ಯಾವ ಕುಂದೂ ಇಲ್ಲ.

ಚಂದ್ರಪಾನದ ಬಗೆಗೆ ಇಷ್ಟು ಚರ್ಚೆ ನಡೆದುದಿಲ್ಲ. ಶಿಲ್ಪಿಯು ಚಂದ್ರನಿಗೂ ಒಂದು ಬಿಲ್ಲೆಯನ್ನು ನಿಲ್ಲಿಸಿದನು. ಆದರೆ ಅವನನ್ನು ಸೂರ್ಯನಂತೆ ವರ್ಷದ ಒಂದು ದಿನಕ್ಕೆ ಕಟ್ಟಿಹಾಕುವುದು ಯಾವ ಸ್ಥಪತಿಗೂ ಸಾಧ್ಯವಿರಲಿಲ್ಲ. ಚಂದ್ರನ ಹಾದಿಯು ಸೂರ್ಯನ ಹಾದಿಗೆ ಸುಮಾರು 5 ಅಂಶ ಓರೆಯಾಗಿದ್ದು, ಆ ಓರೆಯೂ 18.6 ವರ್ಷಗಳಲ್ಲಿ ಒಂದು ಸುತ್ತು ತಿರುಗುತ್ತದೆ. ಕೆಲವು ವರ್ಷ ಅವನು ತಿಂಗಳು ತಿಂಗಳೂ 28 ಅಂಶಕ್ಕೂ ಮಿಕ್ಕು ದಕ್ಷಿಣಕ್ಕೆ ಸರಿಯುವನು. ಕೆಲವು ವರ್ಷ ಸುಮಾರು 18ರಲ್ಲಿಯೇ ಹಿಂತಿರುಗುವನು. ಇಂದಿನ ಸಂಕ್ರಾಂತಿಯ ಸೂರ್ಯನಿರುವುದು 21 ಅಂಶಕ್ಕೆ ತುಸು ಆಚೆ. 2025ರಲ್ಲಿ ಚಂದ್ರನು ಪ್ರತಿ ತಿಂಗಳೂ ಆ ಎಡೆಯನ್ನು ದಾಟಿ ಹೋದನು. 2015ರಲ್ಲಿ ಒಮ್ಮೆಯಾದರೂ ಅಲ್ಲಿಗೆ ಬರಲಿಲ್ಲ.